ಬಿಚ್ಚಿ ಕಟ್ಟಿದ ಗಂಟಿನ ಹೆಸರು

ಹಾಸನದ ಸೀಮೆಯಿಂದ ಓರ್ವ ತಾಯಿಯವರು ನಮಗೊಂದು ಪತ್ರ ಬರೆದಿರುವರು. ಅವರ ಎರಡನೆಯ ಮಗನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವನು. ಹಬ್ಬಕ್ಕೆಂದು ಮನೆಗೆ ಬಂದವನು, ಊಟವಾದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತು ನಡುರಾತ್ರಿ ಕಳೆದರೂ ಏಳಲಿಲ್ಲವಂತೆ. ಏನು ಮಾಡುತ್ತಿರುವೆ ಎಂದು ಕೇಳಿದುದಕ್ಕೆ, "ಅಮ್ಮಾ, ಒಂದು ಗಂಟಿಗೆ ಹೆಸರಿಡುತ್ತಾ ಇದ್ದೇನೆ. ಒಂದು ಕೂಡುವ ಗುರುತು, ನಾಲ್ಕಕ್ಷರ, ಒಂದು ಅಂಕಿ. ಇದು ಸರಿಯಾಗದೆ ಮಲಗುವ ಹಾಗಿಲ್ಲ" ಎಂದನಂತೆ. ಈ ಕೆಲಸಕ್ಕೆ ಸಂಬಳವೂ ಇಲ್ಲವೆಂದು ತಿಳಿದ ಮೇಲಂತೂ ಆ ತಾಯಿಯವರ ಚಿಂತೆ ಇಮ್ಮಡಿಯಾಯಿತು. "ಹೆತ್ತ ಮಕ್ಕಳಿಗೆ ಹೆಸರಿಡುವಾಗಲೂ ನಾವು ಇಷ್ಟು ಹೊತ್ತು ಯೋಚಿಸಲಿಲ್ಲ. ಇದರಲ್ಲಿ ಹುರುಳುಂಟೆ, ಇಲ್ಲವೆ ಹುಡುಗನು ಬರಿದೆ ನಿದ್ದೆ ಕೆಡಿಸಿಕೊಳ್ಳುತ್ತಿರುವನೆ? ನಿಮ್ಮ ಪುಟದಲ್ಲಿ ತಿಳಿಸಬೇಕು" ಎಂದು ಕೇಳಿರುವರು.

ಹುರುಳುಂಟೆಂದೇ ನಮ್ಮ ಅಭಿಪ್ರಾಯ. ಆದರೆ ಅದನ್ನು ವಿವರಿಸುವುದಕ್ಕೆ ಮೊದಲು ನಮ್ಮ ಮನೆಯಲ್ಲಿಯೇ ನಡೆದ ಒಂದು ಸಣ್ಣ ಸಂಗತಿಯನ್ನು ಹೇಳಿದರೆ ಮುಂದಿನ ದಾರಿ ಸುಗಮವಾಗುವುದು.

ನಮ್ಮ ಸೋದರತ್ತೆಯವರು ಪ್ರತಿವರ್ಷವೂ ಮಳೆಗಾಲಕ್ಕೆ ಮುಂಚೆ ಕಷಾಯದ ಸಾಮಾನನ್ನು ಹದವಾಗಿ ಹುರಿದು, ಡಬ್ಬಿಗೆ ತುಂಬಿ, ಮೇಲೆ ತಮ್ಮ ಕೈಬರಹದ ಚೀಟಿಯನ್ನಂಟಿಸಿ ಕಳುಹಿಸುವುದು ವಾಡಿಕೆಯಾಗಿದ್ದಿತು. ಕೊತ್ತಂಬರಿ, ಜೀರಿಗೆ, ಮೆಣಸು, ಹಿಪ್ಪಲಿ, ಒಣಶುಂಠಿ ಎಲ್ಲವೂ ಅದರಲ್ಲಿರುತ್ತಿದ್ದುವು. ಕುಟ್ಟಿ ಪುಡಿಮಾಡಿಕೊಳ್ಳುವುದಷ್ಟೇ ನಮ್ಮ ಕೆಲಸ. ಒಂದು ವರ್ಷ, ಮಕ್ಕಳಿಗೆ ಖಾರವಾಗುವುದೆಂದು ನಮ್ಮ ಮನೆಯವರು ಮೆಣಸನ್ನೂ ಹಿಪ್ಪಲಿಯನ್ನೂ ಆರಿಸಿ ತೆಗೆದು, ಉಳಿದುದನ್ನು ಪುಡಿಮಾಡಿ, ಅದೇ ಡಬ್ಬಿಗೆ ತುಂಬಿಟ್ಟರು. ಚೀಟಿ ಅತ್ತೆಯವರದೇ ಉಳಿಯಿತು. ನೆಗಡಿ ಹಿಡಿದು ಬಂದ ನಮ್ಮ ತಂದೆಯವರು ಮೂರು ದಿನ ಆ ಕಷಾಯವನ್ನು ಕುಡಿದು, ಗುಣ ಕಾಣದೆ, "ನಿನ್ನ ಕೈಗುಣ ಹೋಯಿತಲ್ಲ ತಂಗಿ" ಎಂದು ಅತ್ತೆಯವರಿಗೆ ಕಾಗದ ಬರೆದುಬಿಟ್ಟರು. ಅತ್ತೆಯವರು ಬಹಳ ನೊಂದುಕೊಂಡರು. "ನನ್ನ ಕೈಯಿಂದ ಹೋದದ್ದು ಅದಲ್ಲ" ಎಂಬ ಒಂದೇ ಮಾತನ್ನು ಅವರು ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ಮೆಣಸನ್ನು ತೆಗೆದುದು ತಪ್ಪಾಗಿರಲಿಲ್ಲ; ಮಕ್ಕಳಿದ್ದ ಮನೆಗೆ ಅದು ಬೇಕಾದ ಕೆಲಸವೇ. ತೆಗೆದ ಮೇಲೆ ಹಳೆಯ ಚೀಟಿಯನ್ನು ಹಾಗೆಯೇ ಬಿಟ್ಟುದು ತಪ್ಪು. ಪತ್ರ ಬರೆದ ತಾಯಿಯವರ ಮಗನು ರಾತ್ರಿಯೆಲ್ಲಾ ಬರೆಯುತ್ತಿದ್ದುದು ಇಂತಹ ಒಂದು ಚೀಟಿಯನ್ನು.

ಈಗ ವಿಷಯಕ್ಕೆ ಬರೋಣ. ಕಂಪ್ಯೂಟರನ್ನು ನಡೆಸುವ ಆಜ್ಞಾವಳಿಗೆ ಸಾಫ್ಟ್‌ವೇರ್ ಎಂದು ಹೆಸರು. ಅದನ್ನು ರಚಿಸುವವರು ಮನುಷ್ಯರು ಓದಿ ತಿಳಿಯಬಹುದಾದ ಭಾಷೆಯಲ್ಲಿ ಮೊದಲು ಬರೆಯುವರು. ಇದನ್ನು ಮೂಲಪಾಠವೆಂದು ಕರೆಯೋಣ. ಒಂದು ಕೃತಿಯ ಮೂಲಪಾಠವೆಂದರೆ ಒಂದೆರಡು ಹಾಳೆಯಲ್ಲ. ನೂರಾರು, ಕೆಲವೊಮ್ಮೆ ಸಾವಿರಾರು ಕಡತಗಳು. ಅವೆಲ್ಲವನ್ನೂ ಒಂದು ಗಂಟಾಗಿ ಕಟ್ಟಿ, ಗಾತ್ರ ಕುಗ್ಗಿಸಿ, ಲೋಕದ ಉಪಯೋಗಕ್ಕೆ ಬಿಡುವರು. ಈ ಗಂಟನ್ನು ಕಸುಬಿನವರು ಟಾರ್‌ಬಾಲ್ ಎನ್ನುತ್ತಾರೆ. ಟಾರ್ ಎಂಬುದು ಟೇಪ್ ಆರ್ಕೈವ್ ಎಂಬ ಮಾತಿನ ಸಂಕ್ಷೇಪ. ಕಡತಗಳನ್ನು ಸುರುಳಿಪಟ್ಟಿಗಳ ಮೇಲೆ ಕಾದಿಡುತ್ತಿದ್ದ ಕಾಲದ ಹೆಸರು ಇಂದಿಗೂ ಉಳಿದುಬಂದಿದೆ.

ರಚಿಸುವವರು ಹೀಗೆ ಲೋಕದಲ್ಲೆಲ್ಲಾ ಹರಡಿಕೊಂಡಿರಲು, ಅವರ ಗಂಟುಗಳನ್ನೆಲ್ಲಾ ಒಂದೆಡೆ ಕೂಡಿಸಿ, ಒಂದಕ್ಕೊಂದು ಹೊಂದುವಂತೆ ಮಾಡಿ, ಜನರ ಯಂತ್ರಗಳಿಗೆ ತಲುಪಿಸುವ ಕೆಲಸವನ್ನು ಕೆಲವು ಮಂಡಲಿಗಳು ಕೈಗೊಂಡಿವೆ. ಇವುಗಳಲ್ಲಿ ಡೆಬಿಯನ್ ಎಂಬುದು ಹಿರಿಯದು. ಇಯಾನ್ ಮರ್ಡಾಕ್ ಎಂಬ ತರುಣನು 1993ನೆಯ ಇಸವಿಯ ಆಗಸ್ಟ್ 16ರಂದು ಅದನ್ನು ಪ್ರಕಟಿಸಿದನು. ತಾನು ಪ್ರೀತಿಸಿ ಮುಂದೆ ಮದುವೆಯಾದ ಡೆಬ್ರಾ ಎಂಬುವಳ ಹೆಸರಿಗೆ ತನ್ನ ಹೆಸರನ್ನು ಸೇರಿಸಿ ಡೆಬಿಯನ್ ಎಂದನು. (ಹೆಂಡತಿಯ ಹೆಸರು ಮುಂದೆ, ತನ್ನದು ಹಿಂದೆ ಎಂಬುದನ್ನು ನಮ್ಮ ವಾಚಕಿಯರು ಗಮನಿಸದೆ ಇರಲಾರರು.) ಪ್ರಪಂಚದ ನಾನಾ ದೇಶಗಳ ಸ್ವಯಂಸೇವಕರು ಕೂಡಿ ನಡೆಸುವ ಈ ಭಂಡಾರವು 2023ರ ಜೂನ್ ತಿಂಗಳ ಆವೃತ್ತಿಯ ಹೊತ್ತಿಗೆ 64 ಸಾವಿರಕ್ಕೂ ಮೇಲ್ಪಟ್ಟು ಪ್ಯಾಕೇಜುಗಳನ್ನು ಹೊಂದಿದ್ದಿತು. ನಮ್ಮ ಕನ್ನಡ ಅಕ್ಷರಗಳನ್ನು ತೆರೆಯ ಮೇಲೆ ಮೂಡಿಸುವ ಗುಬ್ಬಿ, ನವಿಲು ಎಂಬ ಫಾಂಟುಗಳೂ ಅದರಲ್ಲಿ ಫಾಂಟ್ಸ್-ಗುಬ್ಬಿ, ಫಾಂಟ್ಸ್-ನವಿಲು ಎಂಬ ಹೆಸರಿನಿಂದ ಇವೆ.

ಈ ಭಂಡಾರದ ಮೊದಲನೆಯ ಮರ್ಯಾದೆಯೆಂದರೆ, ಮೂಲಕರ್ತನು ಕಟ್ಟಿದ ಗಂಟನ್ನು ಬಿಚ್ಚದೆ ಇಡತಕ್ಕದ್ದು ಎಂಬುದು. ಒಂದು ಉದಾಹರಣೆ ಕೊಡುವೆವು. ಹಲೋ ಎಂಬ ಪುಟ್ಟ ಕೃತಿಯೊಂದುಂಟು. ನಮಸ್ಕಾರ ಹೇಳುವುದರ ಹೊರತು ಅದಕ್ಕೆ ಬೇರೆ ಕೆಲಸವಿಲ್ಲ, ಕಲಿಯುವವರಿಗೆ ಮಾದರಿಯಾಗಲೆಂದು ಗ್ನೂ ಸಂಘದವರು ಇಟ್ಟಿರುವರು. ಅವರು ಅದನ್ನು 'ಹಲೋ-2.10.ಟಾರ್.ಜಿಝಡ್' ಎಂದು ಹೆಸರಿಸಿ ಬಿಟ್ಟರೆ, ಡೆಬಿಯನ್ ಭಂಡಾರದಲ್ಲಿ ಅದು 'ಹಲೋ_2.10.ಒರಿಜ್.ಟಾರ್.ಜಿಝಡ್' ಆಗುವುದು. ಮಧ್ಯದ ಅಡ್ಡಗೆರೆಯು ಕೆಳಗೆರೆಯಾಯಿತು, 'ಒರಿಜ್' ಎಂಬ ಮಾತು ಸೇರಿತು; ಅದು ಒರಿಜಿನಲ್ ಎಂಬುದರ ಮೊಟಕು. ಹೆಸರಿನಲ್ಲಿ ಈ ವ್ಯತ್ಯಾಸವಾದರೂ ಒಳಗಣ ವಸ್ತುವಿನಲ್ಲಿ ಒಂದು ಚುಕ್ಕೆಯೂ ಬದಲಾಗಿರುವುದಿಲ್ಲ. ಹಾಗಾದರೆ ಡೆಬಿಯನ್ನಿನವರು ತಾವು ಮಾಡಬೇಕಾದ ತಿದ್ದುಪಡಿಗಳನ್ನೇನು ಮಾಡುವರು? ಅವನ್ನೆಲ್ಲಾ ಬೇರೊಂದು ಸಣ್ಣ ಗಂಟಿನಲ್ಲಿ ಕಟ್ಟಿ ಮೂಲದ ಪಕ್ಕದಲ್ಲಿಡುವರು. ಹಳಗನ್ನಡ ಕಾವ್ಯವನ್ನು ಓಲೆಗರಿಯಿಂದ ಅಚ್ಚಿಗೆ ತರುವ ಒಳ್ಳೆಯ ಸಂಪಾದಕರು ಪಾಠವನ್ನು ಮೇಲಿಟ್ಟು ತಮ್ಮ ಊಹೆಯನ್ನು ಅಡಿಟಿಪ್ಪಣಿಯಲ್ಲಿ ಹಾಕುವ ಹಾಗೆಯೇ ಇದು. ಕವಿಯ ಮಾತು ಯಾವುದು, ಪಂಡಿತರ ಮಾತು ಯಾವುದು ಎಂದು ಓದುಗನಿಗೆ ತಿಳಿಯಬೇಕಷ್ಟೆ.

ಗಂಟು ಬಿಚ್ಚದಿರುವುದರಿಂದ ಇನ್ನೊಂದು ದೊಡ್ಡ ಉಪಕಾರವುಂಟು. ಯಾವುದೇ ಕಡತದಿಂದ ಗಣಿತದ ಒಂದು ಕ್ರಮದಂತೆ 64 ಅಂಕಾಕ್ಷರಗಳ ಒಂದು ಬೆರಳಚ್ಚನ್ನು ತೆಗೆಯಬಹುದು. ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಬೆರಳಚ್ಚು ಪೂರಾ ಬೇರೆಯಾಗುವುದು. ಮೂಲಕರ್ತನು ತನ್ನ ಗಂಟಿನ ಮೇಲೆ ಗೂಢಲಿಪಿಯ ಸಹಿಯನ್ನು ಹಾಕಿದ್ದರೆ, ಯಾರು ಬೇಕಾದರೂ ಅದನ್ನು ಪರೀಕ್ಷಿಸಿ ಇದು ಅವನದೇ ಎಂದು ಖಾತರಿಮಾಡಿಕೊಳ್ಳಬಹುದು. ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದರೆಂದರೆ, ಎಷ್ಟೇ ಪ್ರಾಮಾಣಿಕರು ಕಟ್ಟಿರಲಿ, ಆ ಅರಗಿನ ಮುದ್ರೆ ಒಡೆದ ಹಾಗೆ. ಆ ಮೇಲೆ ಸಹಿಯು ಸಾಕ್ಷಿ ಹೇಳಲಾರದು.

ಹೀಗಿದ್ದರೂ ಬಿಚ್ಚಲೇಬೇಕಾದ ಪ್ರಸಂಗಗಳು ಬರುವುವು. ಡೆಬಿಯನ್ ಮಂಡಲಿಯು 1997ರ ಜುಲೈ ತಿಂಗಳಲ್ಲಿ ತನ್ನ ಸಾಮಾಜಿಕ ಒಪ್ಪಂದವನ್ನೂ, ಅದರೊಡನೆ ಯಾವ ಸಾಫ್ಟ್‌ವೇರನ್ನು ಮುಕ್ತವೆಂದು ಒಪ್ಪಬಹುದೆಂಬ ನಿಯಮಗಳನ್ನೂ ಅಂಗೀಕರಿಸಿತು. ಬ್ರೂಸ್ ಪೆರೆನ್ಸ್ ಎಂಬವರು ಇವುಗಳ ಕರಡನ್ನು ಸಿದ್ಧಪಡಿಸಿದವರು. ಡೆಬಿಯನ್ ಫ್ರೀ ಸಾಫ್ಟ್‌ವೇರ್ ಗೈಡ್‌ಲೈನ್ಸ್ ಎಂಬುದು ಆ ನಿಯಮಗಳ ಹೆಸರು. ಅದರ ಮೊದಲಕ್ಷರಗಳೇ ಡಿ, ಎಫ್, ಎಸ್, ಜಿ. ತಾಯಿಯವರ ಮಗನು ಹೇಳಿದ ನಾಲ್ಕಕ್ಷರ ಇದೇ. ಯಾರೇ ಆಗಲಿ, ಯಾವ ಉದ್ದೇಶಕ್ಕೇ ಆಗಲಿ ಉಪಯೋಗಿಸಬಹುದು, ಮೂಲಪಾಠ ಕೈಗೆ ಸಿಗಬೇಕು, ತಿದ್ದಿ ಇತರರಿಗೆ ಹಂಚಬಹುದು ಎಂಬುವು ಇದರ ಮುಖ್ಯಾಂಶಗಳು. ಈ ನಿಯಮಗಳಿಗೆ ಹೊಂದದ ವಸ್ತುವು ಭಂಡಾರದ ಮುಖ್ಯ ವಿಭಾಗದಲ್ಲಿ ಇರತಕ್ಕದ್ದಲ್ಲ. ಮೂಲಪಾಠದ ಗಂಟಿಗೂ ಈ ಮಾತು ಅನ್ವಯಿಸುವುದು.

ಮೂಲಕರ್ತರ ಗಂಟುಗಳಲ್ಲಿಯಾದರೋ ಏನೇನೋ ಸೇರಿಕೊಂಡಿರುವುವು. ವ್ಯಾಪಾರಕ್ಕೆ ಉಪಯೋಗಿಸಕೂಡದೆಂಬ ಷರತ್ತಿನ ಒಂದು ಚಿತ್ರ. ಮೂಲಪಾಠವಿಲ್ಲದೆ ಯಂತ್ರಭಾಷೆಯಲ್ಲಿ ಮಾತ್ರ ಇರುವ ಒಂದು ತುಣುಕು. ಅಂತರಜಾಲದ ಕಟ್ಟಳೆಗಳನ್ನು ನಿರೂಪಿಸುವ ಆರ್.ಎಫ್.ಸಿ. ಎಂಬ ಲೇಖನಮಾಲೆಯ ಒಂದು ಪ್ರತಿ. ಆ ಲೇಖನಗಳನ್ನು ಯಾರು ಬೇಕಾದರೂ ಓದಬಹುದು, ನಕಲು ಮಾಡಬಹುದು. ಆದರೆ ತಿದ್ದಿ ಹಂಚುವ ಹಕ್ಕಿಲ್ಲವಾದುದರಿಂದ ಅವೂ ಈ ಜರಡಿಯಲ್ಲಿ ನಿಲ್ಲುವುದಿಲ್ಲ. ವೆಬ್ ಪುಟಗಳಿಗೆ ಬೇಕಾದ ಜಾವಾಸ್ಕ್ರಿಪ್ಟ್ ಕಡತಗಳನ್ನು ಖಾಲಿಜಾಗವನ್ನೆಲ್ಲಾ ಹಿಂಡಿ, ಹೆಸರುಗಳನ್ನು ಒಂದೊಂದಕ್ಷರಕ್ಕೆ ಇಳಿಸಿ, ಒಂದೇ ಸಾಲಾಗಿ ಮಾಡಿಟ್ಟಿರುವರು. ಓದಲಾಗದ ಅಂತಹುದನ್ನು ಮೂಲಪಾಠವೆಂದು ಒಪ್ಪಲಾಗದು. ಇಂತಹ ಕಲ್ಲುಗಳನ್ನು ಆರಿಸಿ ತೆಗೆದು, ಉಳಿದ ಅಕ್ಕಿಯನ್ನು ಮತ್ತೆ ಮೂಟೆ ಕಟ್ಟಬೇಕಾಗುವುದು. ಏನೇನು ತೆಗೆಯಬೇಕೆಂಬ ಪಟ್ಟಿಯನ್ನು ಪ್ಯಾಕೇಜಿನ ಹಕ್ಕುಪತ್ರದಲ್ಲಿಯೇ ಬರೆದಿಟ್ಟರೆ, ಹೊಸ ಆವೃತ್ತಿ ಬಂದಾಗಲೆಲ್ಲಾ ಯುಸ್ಕ್ಯಾನ್ ಎಂಬ ಉಪಕರಣವು ಅದನ್ನೋದಿ ತಾನೇ ಆರಿಸಿ ಕಟ್ಟುವ ಅನುಕೂಲವೂ ಉಂಟು. ಪಟ್ಟಿಯು ಬಹಿರಂಗವಾಗಿರುವುದರಿಂದ, ಏನನ್ನು ತೆಗೆದರೆಂದು ಯಾರು ಬೇಕಾದರೂ ನೋಡಬಹುದು. ನಮ್ಮ ಮನೆಯ ಕಷಾಯದ ಡಬ್ಬಿಯ ಮೇಲೆ ಇಲ್ಲದಿದ್ದುದು ಈ ಪಟ್ಟಿಯೇ.

ಇಷ್ಟಾದ ಮೇಲೆ ಹೆಸರಿನ ಪ್ರಶ್ನೆ ಬರುವುದು. ಹಲೋ 2.10 ಎಂಬ ಗಂಟಿನಿಂದ ಏನನ್ನೋ ತೆಗೆದು ಕಟ್ಟಿದೆವೆಂದು ಇಟ್ಟುಕೊಳ್ಳಿ. ಅದನ್ನಿನ್ನು ಬರಿಯ 2.10 ಎಂದು ಕರೆದರೆ, ಮೂಲಕರ್ತನ 2.10 ಒಂದು, ನಮ್ಮ 2.10 ಒಂದು, ಒಂದೇ ಹೆಸರಿನ ಎರಡು ವಸ್ತುಗಳಾದುವು. ನಮ್ಮದರಲ್ಲಿ ತೊಡಕು ಕಂಡವನು ಮೂಲಕರ್ತನ ಬಾಗಿಲಿಗೆ ಹೋಗಿ ದೂರುವನು. ಅವನು ತನ್ನ ಪ್ರತಿಯನ್ನು ನೋಡಿ, ಇಲ್ಲಿ ಎಲ್ಲವೂ ಸರಿಯಾಗಿದೆಯಲ್ಲ ಎಂದು ತಲೆ ಕೆರೆದುಕೊಳ್ಳುವನು. ಆದುದರಿಂದ ಆವೃತ್ತಿಯ ಅಂಕಿಯ ಹಿಂದೆಯೇ ಒಂದು ಗುರುತನ್ನು ಹಚ್ಚುವ ರೂಢಿ ಬೆಳೆಯಿತು. ನಿಯಮಕ್ಕೆ ಹೊಂದದುದನ್ನು ತೆಗೆದಿದ್ದರೆ '2.10+ಡಿಎಫ್‌ಎಸ್‌ಜಿ' ಎಂದು ಬರೆಯುವರು. ಷರತ್ತಿನ ತೊಡಕಿಲ್ಲದೆ, ಭಂಡಾರದಲ್ಲಿ ಬೇರೆಡೆ ಆಗಲೇ ಇರುವ ಕೃತಿಯ ಇನ್ನೊಂದು ಪ್ರತಿಯನ್ನು ಮೂಲಕರ್ತನು ಒಳಗೆ ತುರುಕಿದ್ದನೆಂದೋ, ಗಾತ್ರ ಅತಿಯಾಯಿತೆಂದೋ ತೆಗೆದಿದ್ದರೆ '+ಡಿಎಸ್' ಎನ್ನುವರು. ಡೆಬಿಯನ್ ಸೋರ್ಸ್ ಎಂದು ಅದರ ಅರ್ಥ. ಕೆಲವರು '+ರೀಪ್ಯಾಕ್' ಎಂದೂ ಬರೆಯುವುದುಂಟು. ಮೇಲಾಗಿ, ಗಂಟನ್ನು ಬಿಚ್ಚಿದೊಡನೆ ಕಾಣುವ ಹೊರಗಿನ ಕೋಶದ ಹೆಸರಿನ ಕೊನೆಗೂ 'ಒರಿಜ್' ಎಂದು ಸೇರಿಸಬೇಕೆಂದು ಅವರ ಕೈಪಿಡಿಯು ಸಲಹೆ ಮಾಡುವುದು. ಹೊರಚೀಟಿ ಹರಿದುಹೋದರೂ ಒಳಚೀಟಿ ಹೇಳಲಿ ಎಂಬ ಎಚ್ಚರಿಕೆ.

ಹಾಗಾದರೆ ಕೂಡುವ ಗುರುತೇ ಏಕೆ, ಚುಕ್ಕೆಯೇ ಸಾಲದೆ, ಎಂದು ಕೇಳಬಹುದು. ರಾತ್ರಿಯ ನಿದ್ದೆ ಹೋಗುವುದು ಇಲ್ಲಿಯೇ. ಆದುದರಿಂದ ವಾಚಕರು ಸ್ವಲ್ಪ ಸಾವಧಾನದಿಂದ ಓದಬೇಕು.

ಈ ಹೆಸರುಗಳನ್ನು ಮನುಷ್ಯರು ಮಾತ್ರವಲ್ಲದೆ ಯಂತ್ರವೂ ಓದುವುದು. ಎರಡು ಆವೃತ್ತಿಗಳಲ್ಲಿ ಯಾವುದು ಹೊಸದು, ಯಾವುದು ಹಳೆಯದು ಎಂದು ಯಂತ್ರವು ನಿರ್ಣಯಿಸಿ, ಹೊಸದಾದರೆ ಮಾತ್ರ ಮನೆಮನೆಯ ಕಂಪ್ಯೂಟರಿಗೆ ಇಳಿಸುವುದು. ಆ ನಿರ್ಣಯವು ಹೆಸರನ್ನು ಎಡದಿಂದ ಬಲಕ್ಕೆ ತುಂಡುತುಂಡಾಗಿ ಹೋಲಿಸುವುದರಿಂದ ಆಗುವುದು; ಅಂಕಿಗಳನ್ನು ಅಂಕಿಗಳಾಗಿ, ಉಳಿದ ಗುರುತುಗಳನ್ನು ಒಂದು ಗೊತ್ತಾದ ಸರತಿಯಲ್ಲಿ. ಆ ಸರತಿಯಲ್ಲಿ ಅಕ್ಷರಗಳು ಮೊದಲು, ಚಿಹ್ನೆಗಳು ಆಮೇಲೆ. ಚಿಹ್ನೆಗಳೊಳಗೆ ಕೂಡುವ ಗುರುತು ಚುಕ್ಕೆಗಿಂತ ಕಿರಿಯದು. ಈಗ ಒಬ್ಬನು 1.2 ಎಂಬ ಗಂಟನ್ನು ಮರುಕಟ್ಟಿ '1.2.ಡಿಎಫ್‌ಎಸ್‌ಜಿ1' ಎಂದು ಚುಕ್ಕೆಯಿಟ್ಟು ಹೆಸರಿಸಿದನೆಂದು ತಿಳಿಯಿರಿ. ತಿಂಗಳು ಕಳೆದ ಮೇಲೆ ಮೂಲಕರ್ತನು ಒಂದು ದೋಷವನ್ನು ಸರಿಪಡಿಸಿ 1.2.1 ಎಂಬ ಹೊಸ ಆವೃತ್ತಿಯನ್ನು ಹೊರಡಿಸುವನು. ಯಂತ್ರವು ಹೋಲಿಸುವಾಗ ಎರಡರಲ್ಲಿಯೂ 1.2 ಸಮ, ಮುಂದಿನ ಚುಕ್ಕೆಯೂ ಸಮ. ಆ ಬಳಿಕ ಒಂದರಲ್ಲಿ ನಾಲ್ಕಕ್ಷರವುಂಟು, ಇನ್ನೊಂದರಲ್ಲಿ ಅಂಕಿಗೆ ಮುಂಚೆ ಏನೂ ಇಲ್ಲ. ಏನೂ ಇಲ್ಲದುದಕ್ಕಿಂತ ಏನಾದರೂ ಇರುವುದು ದೊಡ್ಡದಾದ ಕಾರಣ, ಹಳೆಯದೇ ಹೊಸದಕ್ಕಿಂತ ಹೊಸದೆಂದು ಯಂತ್ರವು ತೀರ್ಪುಕೊಟ್ಟುಬಿಡುವುದು! ದೋಷ ತಿದ್ದಿದ ಪ್ರತಿಯು ಭಂಡಾರದಲ್ಲಿ ಬಂದು ಕುಳಿತಿದ್ದರೂ ಜನರ ಮನೆಗೆ ಇಳಿಯದು. ಚುಕ್ಕೆಗೆ ಬದಲಾಗಿ '1.2+ಡಿಎಫ್‌ಎಸ್‌ಜಿ1' ಎಂದಿದ್ದರೆ, ಕೂಡುವ ಗುರುತು ಚುಕ್ಕೆಗಿಂತ ಕಿರಿಯದಾದುದರಿಂದ, 1.2ಕ್ಕಿಂತ ಹಿರಿದಾಗಿಯೂ 1.2.1ಕ್ಕಿಂತ ಕಿರಿದಾಗಿಯೂ ತನ್ನ ಸರಿಯಾದ ಜಾಗದಲ್ಲಿ ನಿಲ್ಲುತ್ತಿದ್ದಿತು. ಒಂದು ಗುರುತಿನಲ್ಲಿ ಇಷ್ಟು ಅಂತರ.

ಈ ತಪ್ಪನ್ನು ತಿದ್ದುವುದೂ ಸುಲಭವಲ್ಲ. ಅಂಕಿಯ ಮುಂದೆ ಯುಗಸೂಚಕವೆಂಬ ಇನ್ನೊಂದು ಅಂಕಿಯನ್ನೂ ಎರಡು ಚುಕ್ಕೆಯನ್ನೂ ಹಾಕಿ ಎಲ್ಲವನ್ನೂ ಮೀರಿಸಬಹುದು. ಆದರೆ ಒಮ್ಮೆ ಹಾಕಿದ ಯುಗವನ್ನು ತೆಗೆಯಲು ಬಾರದು, ಆ ಪ್ಯಾಕೇಜು ಇರುವವರೆಗೂ ಹೊತ್ತುಕೊಂಡೇ ತಿರುಗಬೇಕು. ಹಿಂದೆ ದೊಡ್ಡವರೂ ಚುಕ್ಕೆಯನ್ನೇ ಬಳಸುತ್ತಿದ್ದರು. 2007ರಲ್ಲಿ ಹೊರಬಂದ ಡೆಬಿಯನ್ನಿನ ನಾಲ್ಕನೆಯ ಆವೃತ್ತಿಯಲ್ಲಿ ಲಿನಕ್ಸ್ ಕರ್ನೆಲಿನ ಗಂಟಿಗೇ '2.6.18.ಡಿಎಫ್‌ಎಸ್‌ಜಿ.1' ಎಂದು ಹೆಸರಿದ್ದಿತು. ಈಗಲಾದರೋ ಲಿಂಟಿಯನ್ ಎಂಬ ಪರೀಕ್ಷಕ ಉಪಕರಣವು ಚುಕ್ಕೆಯನ್ನು ಕಂಡೊಡನೆ ಎಚ್ಚರಿಸುವುದು. ಅದೇ ಉಪಕರಣವು, ಅವಸರದಲ್ಲಿ ಅಕ್ಷರಗಳನ್ನು ಹಿಂದುಮುಂದಾಗಿಸಿ 'ಡಿಎಸ್‌ಎಫ್‌ಜಿ' ಎಂದು ಬರೆದವರನ್ನೂ ಹಿಡಿದು ಕೇಳುವುದಂತೆ. ಅದಕ್ಕಾಗಿಯೇ ಒಂದು ಪ್ರತ್ಯೇಕ ಎಚ್ಚರಿಕೆಯನ್ನು ಇಟ್ಟಿರುವರೆಂದರೆ ಎಷ್ಟು ಜನ ಎಡವಿರಬೇಕು ನೋಡಿ!

ಈ ಸರತಿಯಲ್ಲಿ ಇನ್ನೊಂದು ವಿಚಿತ್ರ ಚಿಹ್ನೆಯುಂಟು; ಅಲೆಯಂತೆ ಬಳುಕುವ ಟಿಲ್ಡೆ. ಇದು ಏನೂ ಇಲ್ಲದುದಕ್ಕಿಂತಲೂ ಕಿರಿಯದು. '2.0~ಆರ್‌ಸಿ1' ಎಂದರೆ 2.0ಕ್ಕೆ ಇನ್ನೂ ಮೊದಲಿನದು, ಅಚ್ಚಿಗೆ ಹೋಗುವ ಮುಂಚಿನ ಕರಡು. ಮರುಕಟ್ಟಿದ ಗಂಟಿಗೂ ಕೆಲವರು ಟಿಲ್ಡೆಯನ್ನು ಹಚ್ಚುವರು. ಮುಂದೆ ಮೂಲಕರ್ತನೇ ಬೇಡವಾದುದನ್ನು ತೆಗೆದು ಅದೇ ಅಂಕಿಯಲ್ಲಿ ಶುದ್ಧ ಗಂಟನ್ನು ಕೊಟ್ಟರೆ ಅದು ಮೇಲೆ ಬರಲಿ ಎಂಬ ಆಸೆಯಿಂದ. ಆದರೆ ಬರಿಯ 1.2 ಎಂಬುದು ಆಗಲೇ ಜನರ ಮನೆ ಸೇರಿದ ಮೇಲೆ ಅದರಲ್ಲಿ ಕಲ್ಲು ಕಂಡಿದ್ದರೆ ಟಿಲ್ಡೆಯಿಂದ ಕೆಲಸ ಸಾಗದು. ಕೂಡುವ ಗುರುತೇ ಬೇಕು.

ಕೊನೆಯ ಅಂಕಿಯ ಸಂಗತಿಯೊಂದು ಉಳಿಯಿತು. ಡಿಎಫ್‌ಎಸ್‌ಜಿ ಎಂಬುದರ ಮುಂದೆ 1, 2 ಎಂದು ಹಾಕುವುದೇಕೆಂದರೆ, ಮೊದಲ ಸಲ ಎರಡು ಕಲ್ಲು ತೆಗೆದು ಕಟ್ಟಿದ ಮೇಲೆ ಮೂರನೆಯದೊಂದು ಕಣ್ಣಿಗೆ ಬೀಳುವುದುಂಟು. ಆಗ ಮೂಲಕರ್ತನ ಅಂಕಿ ಅದೇ ಆಗಿದ್ದರೂ ಗಂಟು ಬೇರೆಯಾಯಿತು. ಒಮ್ಮೆ ಒಂದು ಹೆಸರಿನಿಂದ ಒಳಗೆ ಬಂದ ಗಂಟಿನ ಬೆರಳಚ್ಚನ್ನು ಭಂಡಾರವು ಬರೆದಿಟ್ಟುಕೊಂಡಿರುವುದು. ಅದೇ ಹೆಸರಿನಲ್ಲಿ ಬೇರೆ ವಸ್ತು ಬಂದರೆ ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುವುದು. ಇನ್ನೂ ಸೂಕ್ಷ್ಮವಾದುದೆಂದರೆ, ಅವೇ ಕಡತಗಳನ್ನು ಇನ್ನೊಮ್ಮೆ ಕಟ್ಟಿದರೂ ಕಟ್ಟಿದ ವೇಳೆ ಮುಂತಾದ ವಿವರಗಳು ಗಂಟಿನೊಳಗೆ ಸೇರಿ ಬೆರಳಚ್ಚು ಬೇರೆಯಾಗಿಬಿಡಬಹುದು. ಒಂದೇ ಸೀರೆಯನ್ನು ಎರಡು ಸಲ ಮಡಿಸಿದರೆ ನೆರಿಗೆ ಒಂದೇ ಕಡೆ ಬೀಳುವುದೆ?

ಫೆಡೋರಾ ಎಂಬ ಇನ್ನೊಂದು ಮಂಡಲಿಯವರ ಪದ್ಧತಿ ಬೇರೆ. ಗೂಢಲಿಪಿಯ ಓಪನ್‌ಎಸ್‌ಎಸ್‌ಎಲ್ ಎಂಬ ಕೃತಿಯಲ್ಲಿ ಪೇಟೆಂಟಿನ ಭಯವಿದ್ದ ಕೆಲವು ಭಾಗಗಳನ್ನು ಅವರು ತೆಗೆದು ಕಟ್ಟುತ್ತಿದ್ದ ಕಾಲದಲ್ಲಿ, ಗಂಟಿನ ಹೆಸರಿಗೆ 'ಹಾಬಲ್ಡ್' ಎಂಬ ಮಾತನ್ನು ಸೇರಿಸಿದ್ದರು. ಮೇಯಲು ಬಿಟ್ಟ ಕುದುರೆ ದೂರ ಹೋಗದಂತೆ ಮುಂಗಾಲುಗಳಿಗೆ ಹಗ್ಗ ಕಟ್ಟುವುದಕ್ಕೆ ಇಂಗ್ಲಿಷಿನಲ್ಲಿ ಹೇಳುವ ಮಾತದು. ಇದು ಕಾಲು ಕಟ್ಟಿದ ಕುದುರೆ ಎಂದು ಚೀಟಿಯ ಮೇಲೆಯೇ ಹೇಳಿಕೊಂಡ ಈ ನೇರವಂತಿಕೆ ನಮಗೆ ಬಹಳ ಹಿಡಿಸಿತು.

ಹೆಸರಿನ ಈ ಹಠವು ಮೂಲಕರ್ತರ ಕಡೆಯಿಂದಲೂ ಉಂಟು. ಮೇಲೆ ಹೇಳಿದ 1997ರ ನಿಯಮಗಳ ನಾಲ್ಕನೆಯದರಲ್ಲಿ, ತನ್ನ ಕೃತಿಯನ್ನು ತಿದ್ದಿದವರು ಬೇರೆ ಹೆಸರನ್ನಾಗಲಿ ಬೇರೆ ಆವೃತ್ತಿಸಂಖ್ಯೆಯನ್ನಾಗಲಿ ಇಡಬೇಕೆಂದು ಮೂಲಕರ್ತನು ಕೇಳಬಹುದೆಂಬ ಮಾತಿದೆ. 2006ರಲ್ಲಿ ಫೈರ್‌ಫಾಕ್ಸ್ ಎಂಬ ಪ್ರಸಿದ್ಧ ಬ್ರೌಸರಿನ ಒಡೆಯರಿಗೂ ಡೆಬಿಯನ್ನಿಗೂ ವ್ಯಾಪಾರಮುದ್ರೆಯ ವಿಷಯವಾಗಿ ವಿವಾದ ಹುಟ್ಟಿ, ಡೆಬಿಯನ್ನಿನವರು ತಮ್ಮ ಪ್ರತಿಯನ್ನು ಐಸ್‌ವೀಸಲ್ ಎಂದು ಕರೆದರು. 2016ರಲ್ಲಿ ರಾಜಿಯಾಗಿ ಹಳೆಯ ಹೆಸರು ಮರಳಿತು. ಹತ್ತು ವರ್ಷ ಒಂದೇ ಪದಾರ್ಥವು ಎರಡು ಹೆಸರಿನಿಂದ ಬಾಳಿದುದು ಜನರಿಗೆ ತೊಡಕಾದುದು ನಿಜ. ಆದರೂ ಒಂದೇ ಹೆಸರಿನಲ್ಲಿ ಎರಡು ಪದಾರ್ಥಗಳಿರುವುದಕ್ಕಿಂತ ಅದು ಕಡಿಮೆಯ ತೊಡಕೆಂದು ನಮ್ಮ ಮತ.

ಇಷ್ಟನ್ನೂ ಓದಿ, ಚೀಟಿ ಸರಿಯಾಗಿದ್ದರೆ ಎಲ್ಲವೂ ಸರಿಯೆಂದು ಯಾರೂ ತಿಳಿಯಬಾರದು. 2024ನೆಯ ಇಸವಿಯಲ್ಲಿ ನಡೆದುದನ್ನು ಕೇಳಿ. ಗಂಟುಗಳ ಗಾತ್ರವನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಉಪಕರಣವುಂಟು. ಡೆಬಿಯನ್ನಿನ ಎಷ್ಟೋ ಗಂಟುಗಳನ್ನು ಕಟ್ಟುವ ಹುರಿಯೇ ಅದು. ಅದನ್ನು ನೋಡಿಕೊಳ್ಳುತ್ತಿದ್ದವರ ವಿಶ್ವಾಸವನ್ನು ಜಿಯಾ ಟಾನ್ ಎಂಬ ಹೆಸರಿನ ವ್ಯಕ್ತಿಯು ಎರಡು ವರ್ಷಕ್ಕೂ ಮಿಗಿಲಾಗಿ ದುಡಿದು ಸಂಪಾದಿಸಿ, ಗಂಟು ಕಟ್ಟಿ ಬಿಡುಗಡೆ ಮಾಡುವ ಅಧಿಕಾರವನ್ನೂ ಪಡೆದನು. ಆ ಹೆಸರೂ ಹುಸಿಯೆಂದೇ ಭಾವಿಸಲಾಗಿದೆ. 5.6.0 ಮತ್ತು 5.6.1 ಎಂಬ ಎರಡು ಗಂಟುಗಳಲ್ಲಿ ಕಳ್ಳಬಾಗಿಲೊಂದು ಅಡಗಿದ್ದಿತು. ಅದರ ವಿಷಭಾಗವು ಪರೀಕ್ಷೆಗಾಗಿ ಇಟ್ಟ ಮಾದರಿ ಕಡತಗಳ ವೇಷದಲ್ಲಿ ಎಲ್ಲರಿಗೂ ಕಾಣುವ ಮೂಲಸಂಗ್ರಹದಲ್ಲಿಯೇ ಇದ್ದಿತು. ಆದರೆ ಅದನ್ನು ಎಬ್ಬಿಸುವ ಕೀಲಿಯಂತಹ ಒಂದು ಸಣ್ಣ ಕಡತವನ್ನು ಬಿಡುಗಡೆಯ ಗಂಟಿನೊಳಗೆ ಮಾತ್ರ ಇಟ್ಟಿದ್ದರು. ಮೂಲಸಂಗ್ರಹವನ್ನು ಓದಿದವರಿಗೆ ಕೀಲಿ ಕಾಣದು. ಗಂಟನ್ನು ಬಳಸಿದವರು ಓದುವುದಿಲ್ಲ. ದೂರದಿಂದ ಯಂತ್ರದೊಳಕ್ಕೆ ಬರುವ ಎಸ್.ಎಸ್.ಎಚ್. ಎಂಬ ಹೆಬ್ಬಾಗಿಲನ್ನು ಒಳಗಿನಿಂದ ತೆರೆಯುವುದೇ ಅದರ ಉದ್ದೇಶವಾಗಿದ್ದಿತು.

ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಬೇರೇನೋ ಪರೀಕ್ಷೆ ಮಾಡುತ್ತಿರುವಾಗ, ಆ ಬಾಗಿಲು ತೆರೆಯುವುದಕ್ಕೆ ಅರ್ಧ ಸೆಕೆಂಡಿನಷ್ಟು ಹೆಚ್ಚು ಹೊತ್ತು ಹಿಡಿಯುವುದನ್ನು ಗಮನಿಸಿ, ಬೆನ್ನುಹತ್ತಿ ಹೋಗಿ, ಮಾರ್ಚ್ 29ರಂದು ಸಂಗತಿಯನ್ನು ಬಯಲುಮಾಡಿದರು. ಡೆಬಿಯನ್ನಿನ ಸ್ಥಿರ ಆವೃತ್ತಿಗೆ ಅದು ಮುಟ್ಟಿರಲಿಲ್ಲ. ಪರೀಕ್ಷಾ ವಿಭಾಗವೇ ಮೊದಲಾದ, ಇನ್ನೂ ಸ್ಥಿರವಾಗದ ವಿಭಾಗಗಳಲ್ಲಿ ಮಾತ್ರ ಸೇರಿದ್ದಿತು. ಇಲ್ಲಿ ಡೆಬಿಯನ್ನಿನವರು ಗಂಟನ್ನು ಬಿಚ್ಚದೆ ಮೂಲಕರ್ತನು ಕೊಟ್ಟ ಹಾಗೆಯೇ ಇಟ್ಟಿದ್ದರೆಂಬುದನ್ನು ನೆನೆಯಬೇಕು. ಚೀಟಿಯಲ್ಲಿ ಸುಳ್ಳಿರಲಿಲ್ಲ. ಬಂದ ಹಾಗೆಯೇ ಇದೆ ಎಂದು ಚೀಟಿ ಹೇಳಿತು, ಬಂದುದೇ ಕೆಟ್ಟದ್ದಾಗಿದ್ದಿತು. ಮೂಲಕರ್ತನ ಗಂಟನ್ನು ನಂಬುವುದೋ, ಎಲ್ಲರ ಕಣ್ಣೆದುರಿಗಿರುವ ಮೂಲಸಂಗ್ರಹದಿಂದ ತಾವೇ ಗಂಟು ಕಟ್ಟಿಕೊಳ್ಳುವುದೋ ಎಂಬ ಚರ್ಚೆಯು ಆ ಬಳಿಕ ಬಲವಾಯಿತು.

ಆದರೆ ಆ ಸಂಕಟದ ಗಳಿಗೆಯಲ್ಲಿ ಹೆಸರಿನ ವಿದ್ಯೆಯೇ ಕೈಹಿಡಿಯಿತು. ಕೆಟ್ಟ 5.6.1 ಆಗಲೇ ಜನರ ಯಂತ್ರಗಳಲ್ಲಿದೆ. ಒಳ್ಳೆಯದು 5.4.5. ಅದನ್ನು ಅದರ ಹೆಸರಿನಲ್ಲಿಯೇ ಕಳುಹಿಸಿದರೆ, ಇದು ಹಳೆಯದೆಂದು ಯಂತ್ರವು ಸ್ವೀಕರಿಸುವುದಿಲ್ಲ. 5.6.2 ಎಂದು ಹೊಸ ಅಂಕಿ ಕೊಟ್ಟು ಕಳುಹಿಸಿದರೆ, ಮೂಲಕರ್ತರು ಹೊರಡಿಸದುದನ್ನು ಹೊರಡಿಸಿದರೆಂದು ಸುಳ್ಳಾಡಿದಂತಾಗುವುದು. ಆದುದರಿಂದ '5.6.1+ರಿಯಲಿ5.4.5' ಎಂದು ಹೆಸರಿಟ್ಟರು. ರಿಯಲಿ ಎಂದರೆ ನಿಜವಾಗಿ. ಮುಂದಿನ ಭಾಗವನ್ನು ಓದಿ ಯಂತ್ರವು ಇದು 5.6.1ಕ್ಕಿಂತ ಹೊಸದೆಂದು ಇಳಿಸಿಕೊಂಡಿತು. ಹಿಂದಿನ ಭಾಗವನ್ನು ಓದಿದ ಮನುಷ್ಯನಿಗೆ, ಇದು ನಿಜವಾಗಿ 5.4.5 ಎಂದು ತಿಳಿಯಿತು. ಕೂಡುವ ಗುರುತು ನಡುವೆ ನಿಂತು ಇಬ್ಬರಿಗೂ ನಿಜವನ್ನೇ ಹೇಳಿತು.

ತಾಯಿಯವರಿಗೆ ಇನ್ನೊಂದು ಮಾತು. ಮಗನ ಕಂಪ್ಯೂಟರಿನಲ್ಲಿ ಡೆಬಿಯನ್ ಇದ್ದರೆ, ಸ್ಥಾಪಿಸಿರುವ ಪ್ಯಾಕೇಜುಗಳ ಪಟ್ಟಿಯನ್ನು ತೆರೆದು ತೋರಿಸುವಂತೆ ಹೇಳಿ. ಸಾಲುಸಾಲಾಗಿ ಹೆಸರುಗಳು ಇಳಿಯುತ್ತಿರುವಾಗ, ಅಲ್ಲೊಂದು ಇಲ್ಲೊಂದರ ಹಿಂದೆ ಆ ಕೂಡುವ ಗುರುತೂ ನಾಲ್ಕಕ್ಷರವೂ ನಿಮ್ಮ ಕಣ್ಣಿಗೆ ಬೀಳುವುವು. ಅವುಗಳಲ್ಲಿ ಒಂದೊಂದರ ಹಿಂದೆಯೂ ಯಾರೋ ಒಬ್ಬರು, ಯಾವುದೋ ಊರಿನಲ್ಲಿ, ಏನನ್ನು ತೆಗೆದೆನೆಂದು ಪಟ್ಟಿ ಬರೆದಿಟ್ಟು ಮಲಗಿರುವರು. ನಿಮ್ಮ ಮಗನು ಅಂದು ತಡಮಾಡಿದುದು ಬಹುಶಃ ಕೊನೆಯ ಅಂಕಿಗಾಗಿ ಇರಬೇಕು. ಒಂದು ಎಂಬ ಅಂಕಿಯ ಗಂಟು ಒಮ್ಮೆ ಭಂಡಾರದ ಬಾಗಿಲನ್ನು ದಾಟಿದ್ದರೆ ಮುಂದಿನದಕ್ಕೆ ಎರಡೆಂದೇ ಇಡಬೇಕು. ಇದನ್ನು ಆತನು ನಮಗಿಂತ ಚೆನ್ನಾಗಿ ಬಲ್ಲನು. ಒಂದು ಲೋಟ ಬಿಸಿಹಾಲನ್ನು ಪಕ್ಕದಲ್ಲಿಟ್ಟು ನೀವು ಹೋಗಿ ಮಲಗಿಕೊಳ್ಳಿ.